ಮೊದಲು ಬೆಲ್ಟು, ಆಮೇಲೆ ಮಷೀನು

ತಮ್ಮಾ, ಕಿತ್ತೂರು ಉತ್ಸವ ನೋಡಿಕೊಂಡು ಬಂದ ರಾತ್ರಿ ನೀನು ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಒಂದು ಮಷೀನು ತೋರಿಸಿದೆ. ನಾನು ಹೂಂ ಅಂದು ಎದ್ದು ಹೋದೆ. ದೊಡ್ಡಪ್ಪ ಸರಿಯಾಗಿ ನೋಡಲೇ ಇಲ್ಲ ಅಂತ ನಿನಗೆ ಬೇಜಾರಾಗಿದೆಯೆಂದು ನಿಮ್ಮವ್ವ ಹೇಳಿದಳು. ನೋಡಿದ್ದೇನಪ್ಪ. ಮೇಲೆ ನಾಲ್ಕು ಬೆರಳಗಲದ ಬೆಲ್ಟು, ಪಕ್ಕದಲ್ಲಿ ಊಟದ ತಟ್ಟೆಯಂಥ ಡಿಸ್ಕು, ಕೆಳಗೆ ಹೊಳೆಯುವ ಬಣ್ಣದ ಮೋಟರು. ಚೆಂದ ಇದೆ. ಆದರೆ ಅದು ಬಡಿಗೇರರ ಮಷೀನು, ನಮ್ಮದಲ್ಲ. ಯಾಕೆ ಅಂತ ಹೇಳಬೇಕು. ಕುಲುಮೆಯ ಮುಂದೆ ಮಾತಾಡಿದರೆ ಅರ್ಧ ಸುತ್ತಿಗೆಯ ಸದ್ದಿಗೆ ಹೋಗುತ್ತದೆ, ಇನ್ನರ್ಧ ನಿನ್ನ ಮೊಬೈಲಿಗೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಮಷೀನಿನ ಮಾತಿಗೆ ಮೊದಲು ನಮ್ಮ ಬಾಗಿಲಿಗೆ ಏನೇನು ಬರುತ್ತದೆ ಅಂತ ಒಮ್ಮೆ ನೆನಪು ಮಾಡಿಕೋ. ಬೈಲಹೊಂಗಲದ ಕುಲುಮೆಗೆ ವರ್ಷವಿಡೀ ಒಂದೇ ಕೆಲಸ ಬರುವುದಿಲ್ಲ. ಮುಂಗಾರಿನ ಮುಂಚೆ ಕುಂಟೆಯ ಕುಡ, ನೇಗಿಲ ಕುಳ, ಕಳೆ ತೆಗೆಯುವ ಕುರ್ಪಿ. ಹಿಂಗಾರಿ ಜೋಳಕ್ಕೆ ಕುಡಗೋಲು. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಯ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದರೆ ಗ್ಯಾಂಗಿನವರ ಕೊಯ್ತಾ. ನಡುನಡುವೆ ಮೇವು ಕತ್ತರಿಸುವ ಮಷೀನಿನ ಬ್ಲೇಡು, ಕೊಡಲಿ, ಬಡಿಗೇರರ ಉಳಿ, ಬಾಚಿ, ಮದುವೆ ಅಡುಗೆಯವರ ಈಳಿಗೆ, ರಾಮದುರ್ಗದ ಕಡೆಯಿಂದ ಯಾರಾದರೂ ಬಂದರೆ ನೇಕಾರರ ಕತ್ತರಿ. ಒಂದು ವಹಿ ಮಾಡಿ ಹದಿನೈದು ದಿನ ಬರೆದಿಡು: ಯಾವ ವಸ್ತು, ಎಷ್ಟು, ಅದರ ಬಾಯಿ ನೆಟ್ಟಗಿದೆಯೋ ಬಾಗಿದೆಯೋ. ಆ ಕೊನೆಯ ಕಾಲಂ ಮರೆಯಬೇಡ. ನಾನು ಲೆಕ್ಕ ಇಟ್ಟಿಲ್ಲ, ಆದರೆ ಐವತ್ತು ವರ್ಷ ಕೈಯಲ್ಲಿ ಹಿಡಿದವನಾಗಿ ಹೇಳುತ್ತೇನೆ, ಬಾಗಿದ ಬಾಯಿಯವೇ ಹೆಚ್ಚು.

ಈಗ ನೀನು ತೋರಿಸಿದ ಮಷೀನಿಗೆ ಕುಡಗೋಲು ಹಿಡಿ. ಹಿಡಿಯಲಿಕ್ಕೇ ಬರುವುದಿಲ್ಲ. 100 ಮಿಲಿಮೀಟರ್ ಅಗಲದ ಪಟ್ಟಿ ಕುಡಗೋಲಿನ ಒಳಬಾಗಿನೊಳಗೆ ಇಳಿಯುವುದಾದರೂ ಹೇಗೆ? ಎರಡು ಅಂಚು ತಾಗಿ ನಡುವೆ ಬೆಳಕು ಕಾಣುತ್ತದೆ. ಕೊಯ್ತಾದ ತುದಿಯ ಕೊಕ್ಕೆಗೂ ಅದೇ ಗತಿ. ಆ 100×915 ಅಳತೆಯ ಮಷೀನು ಹಲಗೆಯ ಅಂಚು ಸಮ ಮಾಡಲಿಕ್ಕೆ, ಚೌಕಟ್ಟಿನ ಮೂಲೆ ಕೂಡಿಸಲಿಕ್ಕೆ ಹುಟ್ಟಿದ್ದು. ಕುರ್ಚಿ ಮಾಡುವವರ ಮನೆಯಲ್ಲಿ ಅದು ಬಂಗಾರ. ನಮ್ಮಲ್ಲಿ ಅದರ ಮೇಲೆ ಬೆಕ್ಕು ಮಲಗುತ್ತದೆ.

ಈಗ ನನ್ನದೇ ಒಂದು ಪೆಟ್ಟಿನ ಮಾತು. ನಿಮ್ಮಪ್ಪನಿಗೆ ಗೊತ್ತು, ನಿನಗೆ ಹೇಳಿರಲಿಕ್ಕಿಲ್ಲ.

ಬಹಳ ವರ್ಷದ ಹಿಂದೆ, ಕಬ್ಬಿನ ಹಂಗಾಮಿನ ಮೊದಲ ವಾರ. ಒಬ್ಬ ಮುಕಾದಮ್ ಸಂಜೆ ಇಪ್ಪತ್ತು ಕೊಯ್ತಾ ಚೀಲದಲ್ಲಿ ತಂದು ಸುರುವಿ, ನಸುಕಿಗೆ ಬೇಕು ಅಂದ. ಎಲ್ಲವೂ ನಾನೇ ಹಿಂದಿನ ವರ್ಷ ಲಾರಿಯ ಸ್ಪ್ರಿಂಗ್ ಪಾಟಾದಿಂದ ಬಡಿದು ಕೊಟ್ಟವು. ಆಗ ನನ್ನ ಹತ್ತಿರ ಹೊಸದಾಗಿ ಒಂದು ಸಣ್ಣ ಬೆಲ್ಟಿನ ಮಷೀನು ಬಂದಿತ್ತು. ಕಲ್ಲಿನ ಮೇಲೆ ಒಂದಕ್ಕೆ ಇಪ್ಪತ್ತು ನಿಮಿಷ ತಿನ್ನುತ್ತಿದ್ದ ಕೆಲಸ ಅದರಲ್ಲಿ ಎರಡೇ ನಿಮಿಷ. ಕಿಡಿ ಹಾರುವುದನ್ನು ನೋಡಲು ಓಣಿಯ ಹುಡುಗರು ಸೇರಿದ್ದರು, ನನಗೂ ಹುರುಪು ಬಂತು. ಸವೆದ ಬೆಲ್ಟು ಬದಲಿಸಲಿಲ್ಲ, ಕೈಯಿಂದ ಒತ್ತಿ ಒತ್ತಿ ಹಿಡಿದೆ. ರಾತ್ರಿ ಹತ್ತರೊಳಗೆ ಇಪ್ಪತ್ತೂ ಮುಗಿದವು, ಉಗುರಿನ ಮೇಲೆ ಇಟ್ಟರೆ ಜಾರದಷ್ಟು ಹರಿತ.

ಮರುದಿನ ಮಧ್ಯಾಹ್ನ ಮುಕಾದಮ್ ಮೋಟಾರ್ ಸೈಕಲ್ಲಿನ ಮೇಲೆ ಬಂದ. ಸಿಟ್ಟಿನಿಂದ ಕೂಗಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಚೀಲ ಕೆಳಗಿಟ್ಟು ಕೇಳಿದ: “ಯಜಮಾನ್ರ, ಇವು ಕೊಯ್ತಾನೋ, ತಗಡೋ?” ಒಂದನ್ನು ಎತ್ತಿ ಬಿಸಿಲಿಗೆ ಹಿಡಿದೆ. ಬಾಯಿಯ ಉದ್ದಕ್ಕೂ ಅಂಚು ಒಂದು ಕಡೆಗೆ ಮಡಚಿಕೊಂಡಿತ್ತು, ಒದ್ದೆ ಕಾಗದದ ಹಾಗೆ. ಅಂಚಿನ ಹಿಂದೆ ಒಂದು ದಾರದಷ್ಟು ಅಗಲಕ್ಕೆ ನೀಲಿ ಗೆರೆ, ನೀಲಿಯ ಮುಂದೆ ಬಾಯಿಯಲ್ಲಿ ಬೂದಿಯ ಬಣ್ಣ. ರಾತ್ರಿ ಬಲ್ಬಿನ ಬೆಳಕಿಗೆ ಕಾಣದೆ ಇದ್ದದ್ದು ಬಿಸಿಲಿಗೆ ಕಂಡಿತು. ನಾನು ನೇರಳೆ ಬಣ್ಣಕ್ಕೆ ಇಳಿಸಿ ಕೊಟ್ಟ ಹದ, ನೀಲಿ ದಾಟಿ, ಅದರಾಚೆಗೂ ಹೋಗಿ ಸತ್ತಿತ್ತು. ಇಪ್ಪತ್ತನ್ನೂ ಮತ್ತೆ ಕೆಂಡಕ್ಕೆ ಹಾಕಿ, ಎಣ್ಣೆಯಲ್ಲಿ ಅದ್ದಿ, ಹದ ಇಳಿಸಿ, ಕಲ್ಲಿನ ಮೇಲೆ ಮಸೆದು ಕೊಡಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವನ ಗ್ಯಾಂಗು ಎರವಲು ಕೊಯ್ತಾದಲ್ಲಿ ಕಬ್ಬು ಕಡಿಯಿತು. ದುಡ್ಡು ನಾನು ತೆಗೆದುಕೊಳ್ಳಲಿಲ್ಲ, ಅವನು ಕೊಡಲೂ ಬರಲಿಲ್ಲ.

ಮಷೀನಿನ ತಪ್ಪು ಅಲ್ಲ ಅದು, ನನ್ನದು. ಆದರೆ ಮಷೀನು ಆರಿಸುವಾಗ ನನಗೆ ಒಂದು ಪ್ರಶ್ನೆ ಹೊಳೆದಿದ್ದರೆ ಅರ್ಧ ತಪ್ಪು ತಪ್ಪುತ್ತಿತ್ತು. ಬೆಲ್ಟು ಎಷ್ಟು ಜೋರಾಗಿ ಓಡುತ್ತದೆ, ನಿಧಾನ ಮಾಡಲು ಬರುತ್ತದೆಯೇ?

ನೀನು ಐಟಿಐ ಓದಿದವ, ಲೆಕ್ಕ ನಿನಗೆ ಬಾಯಿಗೆ ಬರುತ್ತದೆ. ಓಡಿಸುವ ಗಾಲಿಯ ವ್ಯಾಸಕ್ಕೆ 3.14 ಗುಣಿಸು, ಮೋಟರಿನ ಸುತ್ತು ಗುಣಿಸು, 60ರಿಂದ ಭಾಗಿಸು. 100 ಮಿಲಿಮೀಟರ್ ಗಾಲಿ 2800 ಸುತ್ತಿನ ಮೋಟರಿಗೆ ಕೂತಿದ್ದರೆ ಬೆಲ್ಟು ಸೆಕೆಂಡಿಗೆ ಸುಮಾರು 14.7 ಮೀಟರು ಓಡುತ್ತದೆ. ಅದೇ ಗಾಲಿ 1440 ಸುತ್ತಿಗೆ ಕೂತರೆ ಏಳೂವರೆ ಮೀಟರು. ಹೊಸ ಪಾಟಾ ತಿನ್ನಿ ಆಕಾರ ತರುವಾಗ ಜೋರು ಬೇಕು, ಕಡಿಮೆಯಾದರೆ ಬೆಲ್ಟು ಕಚ್ಚುವುದಿಲ್ಲ. ಹದ ಹಾಕಿದ ಮೇಲೆ ಬಾಯಿ ತೆಗೆಯುವಾಗ ಜೋರು ಬೇಡ, ಐದಾರು ಮೀಟರು ಸಾಕು. ನಿನಗೆ ಎರಡೂ ಕೆಲಸ ಇದೆ. ಅಂದಮೇಲೆ ಒಂದೇ ವೇಗದ ಮಷೀನು ನಿನ್ನ ಅರ್ಧ ಕೆಲಸಕ್ಕೆ ವೈರಿ.

ಬಣ್ಣ ಮಾತ್ರ ಬಾಯಿಪಾಠ ಮಾಡಿಕೋ. ಉಜ್ಜಿ ಹೊಳಪು ಮಾಡಿದ ಉಕ್ಕು 220 ಡಿಗ್ರಿ ಹತ್ತಿರ ಒಣ ಕಣಕಿಯ ಹಳದಿಗೆ ಬರುತ್ತದೆ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಬಡಿಗೇರರ ಉಳಿ ಹಳದಿಗೂ ಕಂದಿಗೂ ನಡುವೆ ನಿಲ್ಲಬೇಕು. ಕೊಯ್ತಾ, ಕೊಡಲಿ ನೇರಳೆಗೆ. ಹಳದಿಯಲ್ಲಿ ನಿಲ್ಲಿಸಿದ ಉಳಿಯ ಬಾಯಿ ನಿನ್ನ ಬೆಲ್ಟಿನ ಮೇಲೆ ನೀಲಿಯಾಯಿತು ಅಂದರೆ ಆ ನೀಲಿ ಉಜ್ಜಿ ತೆಗೆದ ಮಾತ್ರಕ್ಕೆ ಗಟ್ಟಿತನ ವಾಪಸು ಬರುವುದಿಲ್ಲ, ಬಣ್ಣ ಹೋಗುತ್ತದೆ ಅಷ್ಟೆ. ಎಷ್ಟೋ ಮಂದಿ ಹಾಗೆ ಉಜ್ಜಿ ಕೊಟ್ಟು ಗಿರಾಕಿಯ ಕಣ್ಣು ಕಟ್ಟುತ್ತಾರೆ. ಲೇತಿನವರು ತರುವ ಹೈಸ್ಪೀಡ್ ಸ್ಟೀಲಿನ ಟೂಲು ಮಾತ್ರ ಬೇರೆ ಜಾತಿ, ಅದು 500 ಡಿಗ್ರಿಗೂ ಜಗ್ಗುವುದಿಲ್ಲ. ನಮ್ಮ ಪಾಟಾದ ಉಕ್ಕಿಗೆ ಆ ತಾಳ್ಮೆ ಇಲ್ಲ.

ನಿನ್ನ ಮುತ್ತಜ್ಜ, ಅಂದರೆ ನನ್ನ ಅಜ್ಜ, ಅರಗಿನ ಸಾಣೆ ನೋಡಿದವ. ಅವನೇ ಹೇಳುತ್ತಿದ್ದ. ಕುರುಂದದ ಕಲ್ಲು ಕುಟ್ಟಿ ಪುಡಿ ಮಾಡಿ, ಅರಗಿನಲ್ಲಿ ಕಲಸಿ, ಗಾಲಿಯಂತೆ ಒತ್ತಿ ಕಟ್ಟಿಗೆಯ ಅಚ್ಚಿಗೆ ಏರಿಸುತ್ತಿದ್ದರು. ಒಬ್ಬ ಚರ್ಮದ ಹಗ್ಗ ಸುತ್ತಿ ಆಚೆ ಈಚೆ ಎಳೆಯಬೇಕು, ಇನ್ನೊಬ್ಬ ಕತ್ತಿ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಶಿಕಲಗಾರ ಅನ್ನುವ ಮನೆತನಗಳಿವೆಯಲ್ಲ, ಆ ಹೆಸರು ಬಂದದ್ದೇ ಕತ್ತಿಗೆ ಹೊಳಪು ಕೊಡುವ ಕಸುಬಿನಿಂದ, ಅರಬಿಯ ಸೈಕಲ್ ಅನ್ನುವ ಮಾತಿನಿಂದ. ಸಂಸ್ಥಾನಗಳು ಹೋದವು, ಕತ್ತಿಗಳು ಕೋಟೆಯ ಮ್ಯೂಜಿಯಮ್ಮು ಸೇರಿದವು, ಹೆಸರು ಉಳಿಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕುರುಂದ ಅನ್ನುವುದು ಅಲ್ಯುಮಿನಿಯಂ ಆಕ್ಸೈಡು. ಅಂಗಡಿಯಲ್ಲಿ ಕಂದು ಬಣ್ಣದ ಬೆಲ್ಟು ಕೊಡುತ್ತಾರಲ್ಲ, ಅದರ ಮೇಲಿನ ಹರಳೂ ಅಲ್ಯುಮಿನಿಯಂ ಆಕ್ಸೈಡೇ. ಕಲ್ಲು ಅದೇ, ಬಂಧ ಬೇರೆ. ಅರಗು ಎಂಬತ್ತು ಡಿಗ್ರಿಯ ಒಳಗೇ ಮೆತ್ತಗಾಗುತ್ತದೆ. ಯಾರಾದರೂ ಅವಸರಕ್ಕೆ ಬಿದ್ದು ಒತ್ತಿದರೆ ಕತ್ತಿ ಸುಡುವ ಮೊದಲು ಸಾಣೆಯೇ ಕರಗಿ ಅಂಟುತ್ತಿತ್ತು. ಹದ ಕಾಯುವ ಕೆಲಸವನ್ನು ಸಾಣೆಯೇ ಮಾಡುತ್ತಿತ್ತು. ಈಗಿನ ಬೆಲ್ಟಿಗೆ ಹರಳು ಹಿಡಿದಿರುವುದು ರೆಸಿನ್, ಅದು ನಿನ್ನ ಉಕ್ಕು ನೀಲಿಯಾದರೂ ತುಟಿಪಿಟಕ್ಕೆನ್ನುವುದಿಲ್ಲ. ಆ ಕಾವಲು ಈಗ ನಿನ್ನ ಬೆರಳಿಗೆ ಬಂದಿದೆ. ಅದಕ್ಕೇ ಬಾಯಿ ತೆಗೆಯುವಾಗ ಕೈಗವಸು ಬೇಡ ಅನ್ನುತ್ತೇನೆ. ಬೆರಳಿಗೆ ಬಿಸಿ ಹತ್ತಿತು ಅಂದರೆ ನೀರಿಗೆ ಅದ್ದು. ಪಕ್ಕದಲ್ಲಿ ಬಕೆಟ್ಟು ಇಲ್ಲದೆ ಸ್ವಿಚ್ಚು ಒತ್ತಬೇಡ.

ಈಗ ಮಷೀನಿನ ಮಾತಿಗೆ ಬರೋಣ. ಎಲ್ಲರೂ ಮಷೀನು ಕೊಂಡು ಆಮೇಲೆ ಬೆಲ್ಟು ಹುಡುಕುತ್ತಾರೆ. ನೀನು ಉಲ್ಟಾ ಮಾಡು. ಮಷೀನು ಒಮ್ಮೆ ಕೊಳ್ಳುತ್ತೀ, ಬೆಲ್ಟು ಹಂಗಾಮಿನಲ್ಲಿ ವಾರ ವಾರ ಕೊಳ್ಳುತ್ತೀ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನಾಲ್ಕು ಅಂಗಡಿ ತಿರುಗಿ ಕೇಳು: ಯಾವ ಅಳತೆಯ ಬೆಲ್ಟು ನಿಮ್ಮಲ್ಲಿ ಯಾವಾಗಲೂ ಇರುತ್ತದೆ, ಯಾವುದನ್ನು ರೋಲಿನಿಂದ ಕತ್ತರಿಸಿ ಜೋಡಿಸಿ ಕೊಡುತ್ತೀರಿ, ಎಷ್ಟು ದಿನಕ್ಕೆ? ಕಾರ್ಬೊರಂಡಮ್ ಯುನಿವರ್ಸಲ್, ನಾರ್ಟನ್, ತ್ರೀ ಎಂ ಇವೆಲ್ಲ ಹೆಸರಾದ ಮಾಲು. ಯಾವುದಾದರೂ ಸರಿ, ನಿನಗೆ ಬೇಕಾದ ಅಳತೆಯಲ್ಲಿ ಸಿಗಬೇಕು. ಹೆಸರಿಲ್ಲದ ಬೆಲ್ಟು ಅಗ್ಗ ಅಂತ ಕಟ್ಟುಗಟ್ಟಲೆ ತರಬೇಡ, ಜೋಡಿಸಿದ ಜಾಗ ಬಿಚ್ಚಿ ಮುಖಕ್ಕೆ ಬೀಸಿದಾಗ ಅಗ್ಗ ಯಾವುದು ತುಟ್ಟಿ ಯಾವುದು ಅಂತ ತಿಳಿಯುತ್ತದೆ.

ನಮಗೆ ಹೊಂದುವ ಅಳತೆ ಎರಡೇ. ಒಂದು 25×762 ಮಿಲಿಮೀಟರ್, ಇಂಚಿನಲ್ಲಿ 1×30 ಅನ್ನುತ್ತಾರೆ. ಮೇಜಿನ ಮೇಲೆ ಕೂರುವ ಸಣ್ಣ ಮಷೀನು, ಕಾಲು ಅಥವಾ ಅರ್ಧ ಎಚ್‌ಪಿ. ಬೆರಳಗಲದ ಬೆಲ್ಟು ಕುಡಗೋಲಿನ ಬಾಗಿನೊಳಗೆ ಸಲೀಸಾಗಿ ಇಳಿಯುತ್ತದೆ. ಚಾಕು, ಈಳಿಗೆ, ಕತ್ತರಿಗೆ ಇದು ಸಾಕೇ ಸಾಕು. ಆದರೆ ಬಹುತೇಕ ಒಂದೇ ವೇಗ, ಪಟ್ಟಿ ಗಿಡ್ಡ, ಬೇಗ ಕಾಯುತ್ತದೆ. ನನಗೆ ಪಾಠ ಕಲಿಸಿದ್ದು ಇದೇ. ಇನ್ನೊಂದು 50×1830, ಇಂಚಿನಲ್ಲಿ 2×72. ಚಾಕು ಮಾಡುವವರ ಲೋಕದಲ್ಲೆಲ್ಲ ಇದೇ ಅಳತೆ ಓಡುತ್ತದೆ. ಎರಡರ ಮೈ ಅಳೆದು ನೋಡು: ದೊಡ್ಡ ಬೆಲ್ಟಿನ ಮೇಲೆ ಸಣ್ಣದಕ್ಕಿಂತ 4.8 ಪಟ್ಟು ಜಾಗ. ಪ್ರತಿ ಹರಳೂ ಒಂದು ಸಲ ಕಚ್ಚಿದ ಮೇಲೆ ಸುತ್ತಿ ಬರುವಷ್ಟರಲ್ಲಿ ಗಾಳಿ ತಾಗಿ ತಣ್ಣಗಾಗುತ್ತದೆ. ಬೆಲ್ಟೂ ಬಾಳುತ್ತದೆ, ಉಕ್ಕೂ ತಣ್ಣಗಿರುತ್ತದೆ.

ನನ್ನನ್ನು ಕೇಳಿದರೆ 50×1830 ತಗೋ. ಈ ವರ್ಷ ದುಡ್ಡು ಕೂಡದಿದ್ದರೆ ಸಣ್ಣದು ತಂದು ಒಂದು ಹಂಗಾಮು ದುಡಿ, ಕೊಯ್ತಾ ಮಾತ್ರ ಅದಕ್ಕೆ ಹಿಡಿಯಬೇಡ. ದೊಡ್ಡದು ಬಂದ ಮೇಲೂ ಸಣ್ಣದು ಕುಡಗೋಲಿಗೆ ಬೇಕಾಗುತ್ತದೆ, ದಂಡವಾಗುವುದಿಲ್ಲ.

ದೊಡ್ಡದಕ್ಕೆ ಒಂದೂವರೆ ಎಚ್‌ಪಿಗಿಂತ ಕಡಿಮೆ ಮೋಟರು ಹಾಕಬೇಡ. ಒತ್ತಿದರೆ ನಿಂತುಹೋಗುವ ಮಷೀನು ಎತ್ತಿಲ್ಲದ ಚಕ್ಕಡಿ. ನಮ್ಮ ಕುಲುಮೆಗೆ ಇರುವುದು ಮನೆಯ ಸಿಂಗಲ್ ಫೇಸ್ ಲೈನು. ಅದಕ್ಕೂ ದಾರಿ ಇದೆ. ವಿಎಫ್‌ಡಿ ಅನ್ನುವ ಡಬ್ಬಿ 230 ವೋಲ್ಟಿನ ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು ಮೂರು ಫೇಸ್ ಹೊರಗೆ ಕೊಡುತ್ತದೆ, ಅದರ ಗುಂಡಿ ತಿರುಗಿಸಿದರೆ ವೇಗ ಏರುತ್ತದೆ, ಇಳಿಯುತ್ತದೆ. 150 ಮಿಲಿಮೀಟರ್ ಗಾಲಿ, 1440 ಸುತ್ತಿನ ಮೋಟರು ಇದ್ದರೆ ಪೂರ್ತಿ ಬಿಟ್ಟಾಗ ಸೆಕೆಂಡಿಗೆ 11 ಮೀಟರಿನ ಮೇಲೆ, 20 ಹರ್ಟ್ಸಿಗೆ ಇಳಿಸಿದಾಗ ನಾಲ್ಕೂವರೆ. ನಮ್ಮ ಎರಡೂ ಕೆಲಸಕ್ಕೆ ಅದರೊಳಗೇ ಜಾಗ ಇದೆ. ಆದರೆ ಆ ಡಬ್ಬಿ ಕೊಡುವುದು 230 ವೋಲ್ಟಿನ ಮೂರು ಫೇಸು. ಮೋಟರಿನ ತಗಡಿನ ಮೇಲೆ ಬರೆದದ್ದನ್ನು ಓದಿ, ಅದನ್ನು 230ಕ್ಕೆ ಡೆಲ್ಟಾ ಜೋಡಣೆಯಲ್ಲಿ ಓಡಿಸಲು ಬರುತ್ತದೆಯೇ ಎಂದು ವೈರಿಂಗ್ ಬಲ್ಲವರಿಂದ ಖಾತ್ರಿ ಮಾಡಿಕೋ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರಿಗೆ ಈ ಡಬ್ಬಿ ಜೋಡಿಸಬೇಡ, ಅದಕ್ಕೆ ಮೆಟ್ಟಿಲು ಪುಲಿ, ವಿ ಬೆಲ್ಟೇ ಸರಿ. ಬೇಸರದ ಉಪಾಯ, ಆದರೆ ಕೆಟ್ಟರೆ ನಮ್ಮೂರಲ್ಲೇ ರಿಪೇರಿ. ಡಬ್ಬಿಯನ್ನು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿ, ಕಿಡಿ ಬೀಳದ ಕಡೆ ಗೋಡೆಗೆ ಹಾಕು. ಉಕ್ಕಿನ ಪುಡಿ ಒಳಗೆ ಹೊಕ್ಕರೆ ಅದರ ಕತೆ ಅಲ್ಲಿಗೇ ಮುಗಿಯಿತು.

ಮೊಬೈಲಿನಲ್ಲಿ ಬರೆದ ವೇಗದ ಅಂಕಿ ನೋಡಿ ಮರುಳಾಗುವ ಮುಂಚೆ ಇನ್ನೊಂದು: ಅಮೆರಿಕದ ಕರೆಂಟು 60 ಹರ್ಟ್ಸು, ನಮ್ಮದು 50. ಅಲ್ಲಿಯ 3450 ಸುತ್ತು ಇಲ್ಲಿ 2850ಕ್ಕೆ ಬಂದು ನಿಲ್ಲುತ್ತದೆ.

ಅಂಗಡಿಗೆ ಹೋದಾಗ ಮಾರುವವನ ಮಾತು ಕೇಳುವ ಮೊದಲು ಕೈಯಿಂದ ನೋಡು. ಬೆಲ್ಟಿನ ಹಿಂದೆ ಒಂದು ಉಕ್ಕಿನ ತಟ್ಟೆ ಇರುತ್ತದೆ, ಪ್ಲಾಟನ್ ಅನ್ನುತ್ತಾರೆ. ನೆಟ್ಟಗಿನ ಬಾಯಿಯ ಕೆಲಸವೆಲ್ಲ ಅದರ ಮೇಲೆ. ಬೆಲ್ಟು ಸರಿಸಿ, ನೆಟ್ಟಗಿನ ಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ, ಬೆಳಕಿಗೆ ಎದುರಾಗಿ ಹಿಡಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ಬಂದರೂ ಉಳಿಯ ಬಾಯಿ ಸೊಟ್ಟಗಾಗುತ್ತದೆ. ತೆಳು ತಗಡು ಬಗ್ಗಿಸಿ ಮಾಡಿದ ಪ್ಲಾಟನ್ ಆಗಿದ್ದರೆ ಹೆಬ್ಬೆರಳಿನಿಂದ ಒತ್ತು, ಒಳಗೆ ಹೋದರೆ ಆ ಮಷೀನು ಅಲ್ಲೇ ಬಿಟ್ಟು ಬಾ. ಪ್ಲಾಟನ್ ಬಿಚ್ಚಿಡಲು ಬರುತ್ತದೆಯೇ ಅಂತಲೂ ಕೇಳು. ಬಿಚ್ಚಿದರೆ ಸಡಿಲ ಬೆಲ್ಟು ಸಿಗುತ್ತದೆ, ಕೊಯ್ತಾ, ಕೊಡಲಿಗೆ ಉಬ್ಬಿದ ಬಾಯಿ ಬರುವುದು ಆ ಸಡಿಲದ ಮೇಲೆಯೇ. ಉಬ್ಬಿದ ಬಾಯಿ ಕಬ್ಬಿನ ಗಂಟಿಗೆ ಮುರಿಯುವುದಿಲ್ಲ.

ಆಮೇಲೆ ಬೆಲ್ಟು ಹಾಕಿ, ಕರೆಂಟು ಇಲ್ಲದೆ, ಗಾಲಿಯನ್ನು ಕೈಯಿಂದ ಹತ್ತು ಸಲ ತಿರುಗಿಸು. ಬೆಲ್ಟು ಎಡಕ್ಕೋ ಬಲಕ್ಕೋ ನಡೆಯುತ್ತದೆ. ಟ್ರ್ಯಾಕಿಂಗ್ ತಿರುಪು ಕಾಲು ಸುತ್ತು ತಿರುಗಿಸಿದರೆ ನಡುವೆ ಬಂದು ನಿಲ್ಲಬೇಕು, ನಿಂತಲ್ಲೇ ಇರಬೇಕು. ಮೇಲಿನ ಗಾಲಿಯ ನಡು ಸ್ವಲ್ಪ ಉಬ್ಬಿರುತ್ತದೆ, ಬೆಲ್ಟು ನಡುವೆ ನಿಲ್ಲುವುದು ಆ ಉಬ್ಬಿನ ಪುಣ್ಯ. ಪ್ಲಾಸ್ಟಿಕ್ ಗಾಲಿಯಾದರೆ ಉಬ್ಬು ಎರಡು ಹಂಗಾಮಿಗೆ ಸವೆದು ಹೋಗುತ್ತದೆ. ಗಾಲಿಯನ್ನು ಹಿಡಿದು ಅಲ್ಲಾಡಿಸು, ಟಕ್ ಟಕ್ ಅಂದರೆ ಬೇರಿಂಗಿನಲ್ಲಿ ಆಟ ಇದೆ. ಬೇರಿಂಗಿನ ನಂಬರು ಬರೆದುಕೋ, ನಮ್ಮ ಕಡೆ ಸಿಗುವಂಥದ್ದೋ ನೋಡು. ಹೊಸ ಬೆಲ್ಟಿನ ಬೆನ್ನ ಮೇಲೆ ಬಾಣದ ಗುರುತಿದ್ದರೆ ಆ ದಿಕ್ಕಿಗೇ ಓಡಿಸಬೇಕು ಅನ್ನುವುದನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ. ಹೇಳಿದೆ.

ನಿನ್ನ ಜೊತೆ ಮೂರು ವಸ್ತು ಒಯ್ಯು: ಒಂದು ಮೊಂಡ ಉಳಿ, ಒಂದು ಕುಡಗೋಲು, ಒಂದು ಕೊಯ್ತಾ. ನಾಚಿಕೆ ಬೇಡ. ಮಷೀನು ಚಾಲೂ ಮಾಡಿ ಮೂರನ್ನೂ ಹಿಡಿದು ನೋಡುತ್ತೇನೆ ಅನ್ನು. ಬೇಡ ಅನ್ನುವ ಅಂಗಡಿ ನಮಗೆ ಬೇಡ.

ಇನ್ನೊಂದು ದಾರಿ ಇದೆ, ನನಗೆ ಹೆಚ್ಚು ಹಿಡಿಸುವುದು ಅದೇ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಲೇತುಗಳಿವೆ. ಅಲ್ಯುಮಿನಿಯಂ ಗಾಲಿ ಮೂರು ತಿರುವಿಸಿಕೊಂಡು, ಒಂದರ ನಡು ಉಬ್ಬಿಸಿ, ಚೌಕ ಪೈಪಿನ ಚೌಕಟ್ಟು ನೀನೇ ವೆಲ್ಡ್ ಮಾಡಬಹುದು. ಫಿಟ್ಟರ್ ಕಲಿತವನಿಗೆ ಅದು ಹದಿನೈದು ದಿನದ ಕೆಲಸ. ಮೋಟರು, ಬೇರಿಂಗು, ವಿಎಫ್‌ಡಿ ಮಾತ್ರ ಹೊಸದು ಕೊಳ್ಳಬೇಕು, ಹಳೆಯದಕ್ಕೆ ಆಸೆಪಡಬೇಡ. ಹಾಗೆ ಮಾಡಿದ ಮಷೀನು ನಾಳೆ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ನಿನಗೆ ಮಲಗಿದಲ್ಲೇ ಗೊತ್ತಾಗುತ್ತದೆ. ನಿಮ್ಮಪ್ಪ ಒಪ್ಪಲಿಕ್ಕಿಲ್ಲ. ಕೊಂಡು ತಂದದ್ದಕ್ಕೆ ಗ್ಯಾರಂಟಿ ಇರುತ್ತದೆ ಅನ್ನುತ್ತಾನೆ. ಅವನಿಗೆ ಕಾಗದದ ಮೇಲೆ ಮೊದಲಿನಿಂದಲೂ ನಂಬಿಕೆ ಹೆಚ್ಚು.

ದುಡ್ಡಿನ ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಬಡಿಗತನವೂ ಇದೆ. ತರಬೇತಿಯ ಜೊತೆ ಉಪಕರಣಕ್ಕೆ 15,000 ರೂಪಾಯಿ ತನಕ, ಶೇ. 5ರ ಬಡ್ಡಿಗೆ ಮೊದಲ ಕಂತು ಒಂದು ಲಕ್ಷ, ಅದನ್ನು ನೆಟ್ಟಗೆ ತೀರಿಸಿದವರಿಗೆ ಎರಡನೆಯದು ಎರಡು ಲಕ್ಷ. ಮನೆಗೆ ಒಬ್ಬರಿಗೆ ಮಾತ್ರ. ನಿಮ್ಮಪ್ಪನೂ ನೀನೂ ಇಬ್ಬರೂ ಅರ್ಜಿ ಹಾಕಿ ಕೆಡಿಸಿಕೊಳ್ಳಬೇಡಿ, ಕೂತು ಮಾತಾಡಿ ಒಬ್ಬರ ಹೆಸರು ಗೊತ್ತುಮಾಡಿ. ಮೊದಲು ಸಾಲ, ಆಮೇಲೆ ಗಿರಾಕಿ ಅಂತ ಲೆಕ್ಕ ಹಾಕಬೇಡ. ನಮ್ಮ ಅಜ್ಜನ ಕಾಲಕ್ಕೆ ಸುಗ್ಗಿಯ ಕಣದಲ್ಲಿ ಆಯ ಬರುತ್ತಿತ್ತು, ವರ್ಷದ ಜೋಳಕ್ಕೆ ಚಿಂತೆ ಇರಲಿಲ್ಲ. ಕಂತು ಕಟ್ಟುವ ಚಿಂತೆಯೂ ಅವರಿಗೆ ಇರಲಿಲ್ಲ.

ಬೆಲ್ಟಿನ ನಂಬರು ನಿನಗೆ ಗೊತ್ತು: 40, 60 ತಿನ್ನಲಿಕ್ಕೆ, 120 ಬಾಯಿಗೆ, 240, 400 ನಯಕ್ಕೆ. ಒರಟು ತಿನ್ನುವ ಕೆಲಸಕ್ಕೆ ಜಿರ್ಕೋನಿಯಾ ಅಥವಾ ಸೆರಾಮಿಕ್ ಹರಳಿನದು ತಗೋ, ದುಡ್ಡು ಹೆಚ್ಚಾದರೂ ತಣ್ಣಗೆ ಕಚ್ಚುತ್ತದೆ. ಬಾಯಿಗೆ ಕಂದು ಬೆಲ್ಟೇ ಸಾಕು. ಕೊಯ್ತಾವನ್ನು 120ರಲ್ಲೇ ಬಿಡು, ಕನ್ನಡಿ ಮಾಡಲು ಹೋಗಬೇಡ. ಗರಗಸದಂಥ ಸಣ್ಣ ಹಲ್ಲು ಉಳಿದಿದ್ದರೆ ಕಬ್ಬು ಹಿಡಿದು ಕತ್ತರಿಸುತ್ತದೆ. ಈಳಿಗೆ 240ಕ್ಕೆ ಹೋಗಲಿ, ಆಮೇಲೆ ಕಲ್ಲಿಗೆ. ಬಡಿಗೇರರ ಉಳಿಯ ಓರೆ ಮಾತ್ರ ಬೆಲ್ಟಿಗೆ, ಚಪ್ಪಟೆ ಬೆನ್ನನ್ನು ಅಪ್ಪಿತಪ್ಪಿಯೂ ತಾಗಿಸಬೇಡ. ಬೆಲ್ಟು ಅಂಚನ್ನು ದುಂಡು ಮಾಡಿಬಿಡುತ್ತದೆ, ಆ ಉಳಿ ಮತ್ತೆ ಮೂಲೆ ಕಡಿಯುವುದಿಲ್ಲ, ಬಡಿಗೇರ ಮತ್ತೆ ನಿನ್ನ ಬಾಗಿಲಿಗೆ ಬರುವುದಿಲ್ಲ. ಕಕ್ಕು ಇರುವ ಕುಡಗೋಲು ಬಂದರೆ ಬೆಲ್ಟಿನ ಹತ್ತಿರವೂ ಒಯ್ಯಬೇಡ, ಎರಡು ಸೆಕೆಂಡಿನಲ್ಲಿ ಹಲ್ಲು ಮಾಯ. ಅದಕ್ಕೆ ಉಳಿ ಹಿಡಿದು ಕಕ್ಕು ಹಾಕುವುದನ್ನು ನಿನಗೆ ಕಲಿಸಿದ್ದೇನೆ, ಅದನ್ನು ಮರೆಯಬೇಡ. ಹರಿತದ ಬಾಯಿಯನ್ನು ಯಾವಾಗಲೂ ಬೆಲ್ಟು ಓಡುವ ದಿಕ್ಕಿಗೇ ಮುಖ ಮಾಡಿ ಹಿಡಿ. ಎದುರು ಹಿಡಿದರೆ ಬೆಲ್ಟು ಸೀಳುತ್ತದೆ, ಇಲ್ಲವೇ ಕೈಯಿಂದ ಕಸಿದುಕೊಂಡು ಬಿಸಾಡುತ್ತದೆ.

ಒಂದು ಮಾತಿಗೆ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಬಡಿಗತನವನ್ನೂ ಇದರಲ್ಲೇ ಮಾಡುತ್ತೇನೆ, ಒಂದೇ ಮಷೀನಿಗೆ ಎರಡು ದುಡಿಮೆ ಅಂದೆಯಲ್ಲ, ಅದು. ಕಟ್ಟಿಗೆ ಉಜ್ಜಿದ ಪುಡಿ ಮಷೀನಿನ ಬುಡದಲ್ಲಿ, ದೂಳು ಹೀರುವ ಚೀಲದಲ್ಲಿ ಕೂತಿರುತ್ತದೆ. ಮೇಲೆ ಉಕ್ಕು ಹಿಡಿದರೆ ಕಿಡಿ ಅದರೊಳಗೇ ಹೋಗುತ್ತದೆ. ಆಗಲೇ ಹೊತ್ತಿಕೊಳ್ಳುವುದಿಲ್ಲ. ಒಳಗೊಳಗೇ ಬೇಯುತ್ತಾ ನೀನು ಬಾಗಿಲು ಹಾಕಿ ಮನೆಗೆ ಹೋಗಿ ಉಂಡು ಮಲಗಿದ ಮೇಲೆ ಏಳುತ್ತದೆ. ನಮ್ಮಲ್ಲೂ ಒಮ್ಮೆ ಹೊಟ್ಟಿನ ಗೋಣಿಚೀಲ ಹೀಗೇ ಬೆಂದಿತ್ತು. ನಸುಕಿನಲ್ಲಿ ವಾಸನೆಗೆ ಎಚ್ಚರವಾದದ್ದು ನಿಮ್ಮ ದೊಡ್ಡವ್ವನಿಗೆ, ನನಗಲ್ಲ. ಕಟ್ಟಿಗೆ ಉಜ್ಜಲೇಬೇಕಾದರೆ ಬೇರೆ ಬೆಲ್ಟು, ಮೊದಲು ಪೂರ್ತಿ ಗುಡಿಸಿ ಒರೆಸಿ, ಚೀಲ ಬಿಚ್ಚಿ ಹೊರಗಿಟ್ಟು, ಆಮೇಲೆ ಉಕ್ಕು. ಕಿಡಿ ಬೀಳುವ ಕಡೆ ನೀರು ತುಂಬಿದ ತಗಡಿನ ಡಬ್ಬಿ ಇಡು.

ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕು. ಹೆಗಲ ಮೇಲಿನ ಟವೆಲ್ಲು ಮೊಳೆಗೆ ಹಾಕಿಯೇ ಮಷೀನಿಗೆ ಹೋಗು. ನೀನು ಧೋತರ ಉಡುವುದಿಲ್ಲ, ಆದರೆ ಮುಂಗೈಗೆ ಎಲ್ಲಮ್ಮನ ಗುಡ್ಡದ ದಾರ ಕಟ್ಟಿದ್ದೀಯಲ್ಲ, ಅದನ್ನು ತೋಳಿನ ಮೇಲಕ್ಕೆ ಏರಿಸಿ ಅಂಗಿಯೊಳಗೆ ಸೇರಿಸು. ದೇವಿ ಬೇಡ ಅನ್ನುವುದಿಲ್ಲ.

ಕೊನೆಗೆ ನಿನ್ನ ಕೆಲಸ. ವಹಿಯನ್ನು ಇವತ್ತೇ ಶುರು ಮಾಡು. ಹದಿನೈದು ದಿನ ಆದ ಮೇಲೆ ಬೆಳಗಾವಿಗೆ ಹೋಗೋಣ, ಬಸ್ಸಿನ ಚಾರ್ಜು ನನ್ನದು. ನನಗೆ ಬರಲಿಕ್ಕಾಗದಿದ್ದರೆ ನೀನೇ ಹೋಗಿ ಬಾ. ಪ್ಲಾಟನ್ ನೋಡಲು ನೆಟ್ಟಗಿನ ಪಟ್ಟಿ ಬೇಕಲ್ಲ, ಅಜ್ಜನದು ಒಂದಿದೆ, ಕುಲುಮೆಯ ಬಾಗಿಲ ಹಿಂದೆ ಹಳೆಯ ಅರಗಳ ಪಕ್ಕದಲ್ಲಿ ಎಣ್ಣೆ ಬಟ್ಟೆ ಸುತ್ತಿ ತೂಗುಹಾಕಿದ್ದೇನೆ. ತಗೊಂಡು ಹೋಗು. ತಂದು ಬಟ್ಟೆ ಸುತ್ತಿಯೇ ಅಲ್ಲೇ ಹಾಕು, ಕೆಳಗೆ ಎಲ್ಲಾದರೂ ಇಟ್ಟರೆ ತುಕ್ಕು ಹಿಡಿಯುತ್ತದೆ.